ಹಾಯಿಸ್ಟು, ಕ್ರೇನು, ಅದರ ಚೈನು: ಒಂದೇ ಕಂಟೇನರಲ್ಲಿ ಬಂದ್ರೂ ಕೋಡ್ ಒಂದೇ ಅಲ್ಲ

ಓದುಗರ ಪ್ರಶ್ನೆ: ಸರ್, ನಮ್ದು ಚಿಕ್ಕ ಕಂಪನಿ. ಫ್ಯಾಕ್ಟರಿ, ಗೋಡೌನುಗಳಿಗೆ ಭಾರ ಎತ್ತೋ ಮಷೀನುಗಳನ್ನ ಹೊರದೇಶದಿಂದ ತರಿಸಿ ಮಾರ್ತೀವಿ. ಈ ಸಲದ ಕಂಟೇನರಲ್ಲಿ 2 ಟನ್ನಿನ ಎಲೆಕ್ಟ್ರಿಕ್ ಚೈನ್ ಹಾಯಿಸ್ಟು (ಟ್ರಾಲಿ ಸಮೇತ), ಕೈಯಲ್ಲಿ ಎಳೆಯೋ ಪ್ಯಾಲೆಟ್ ಟ್ರಕ್ಕು, ಬ್ಯಾಟರಿ ಸಿಸರ್ ಲಿಫ್ಟು, ಗರ್ಡರ್ (ಅಡ್ಡ ತೊಲೆ) ಇಲ್ಲದ 10 ಟನ್ನಿನ ಇಒಟಿ ಕ್ರೇನ್ (ಶೆಡ್ಡಲ್ಲಿ ತಲೆ ಮೇಲೆ ಓಡೋ ಕರೆಂಟ್ ಕ್ರೇನು) ಕಿಟ್ಟು, ಜೊತೆಗೆ ಸ್ಪೇರ್ ಆಗಿ ಲೋಡ್ ಚೈನು, ವೈರ್ ರೋಪು, ರೋಪ್ ಗೈಡು, ರೇಡಿಯೊ ರಿಮೋಟು, ಹಾಯಿಸ್ಟ್ ಮೋಟಾರು ಬರ್ತಿದೆ. ಸಪ್ಲೈಯರ್ ಇನ್ವಾಯ್ಸಲ್ಲಿ ಎಲ್ಲದಕ್ಕೂ ಕ್ರೇನಿನ ಕಸ್ಟಮ್ಸ್ ಕೋಡು (ಎಚ್‌ಎಸ್ ಕೋಡು) 8426 ಅಂತ ಹಾಕಿದಾನೆ. ನಮ್ಮ ಕ್ಲಿಯರಿಂಗ್ ಏಜೆಂಟು ಎಲ್ಲಾನೂ 8431ಕ್ಕೆ ಹಾಕೋಣ, ಪಾರ್ಟ್ಸ್ ಅಂತ ಹೋಗತ್ತೆ, ಡ್ಯೂಟಿ ಕಮ್ಮಿ ಬೀಳತ್ತೆ ಅಂತಾರೆ, ಹಿಂದೆ ಹಂಗೇ ಪಾಸಾಗಿದೆ ಕೂಡ. ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಟ್ರಕ್ ಕ್ರೇನ್ ತರೋ ಯೋಚನೆನೂ ಇದೆ. ಯಾವ ಕೋಡ್ ಸರಿ? ತಪ್ಪಾದ್ರೆ ಯಾರ ತಲೆ ಮೇಲೆ ಬರತ್ತೆ?

ಉತ್ತರ:

ನಿಮ್ಮ ಕೊನೇ ಪ್ರಶ್ನೆಗೇ ಮೊದಲು ಉತ್ತರ ಹೇಳ್ತೀನಿ, ಅದು ಗೊತ್ತಾದ್ರೆ ಉಳಿದಿದ್ದನ್ನ ಎಷ್ಟು ಸೀರಿಯಸ್ಸಾಗಿ ತಗೋಬೇಕು ಅಂತ ನಿಮಗೇ ಅರ್ಥ ಆಗತ್ತೆ. ತಪ್ಪಾದ್ರೆ ಬರೋದು ನಿಮ್ಮ ತಲೆ ಮೇಲೆ. ಡಿಕ್ಲರೇಷನ್ ಯಾರ ಹೆಸರಲ್ಲಿ ಹೋಗತ್ತೋ ಆ ಆಮದುದಾರನೇ ಅದರಲ್ಲಿರೋ ಪ್ರತಿ ಸಾಲಿಗೂ ಉತ್ತರ ಕೊಡಬೇಕಾಗತ್ತೆ. ಏಜೆಂಟ್ ಮೇಲೂ ಕ್ರಮ ಆಗಬಹುದು, ಆದ್ರೆ ಕಮ್ಮಿ ಕಟ್ಟಿದ ಸುಂಕ, ಅದರ ಬಡ್ಡಿ, ದಂಡ ಇವೆಲ್ಲದರ ನೋಟಿಸು ಬರೋದು ನಿಮ್ಮ ಕಂಪನಿ ವಿಳಾಸಕ್ಕೆ. ಆಗ ಸಪ್ಲೈಯರ್ ಹಿಂಗೆ ಬರೆದಿದ್ದ ಅಂತ ತೋರಿಸಿದ್ರೆ ಅದು ವಿವರಣೆ ಅನ್ನಿಸ್ಕೊಳತ್ತೆ ಅಷ್ಟೇ, ರಕ್ಷಣೆ ಆಗಲ್ಲ.

ಈಗ ನೇರವಾಗಿ ಹೇಳಬೇಕಂದ್ರೆ ಸಪ್ಲೈಯರ್ ಹಾಕಿದ್ದೂ ತಪ್ಪು, ಏಜೆಂಟ್ ಹೇಳ್ತಿರೋದೂ ತಪ್ಪು. ನೀವು ಹೇಳಿದ 9 ಐಟಮ್ಮಲ್ಲಿ 8426ಕ್ಕೆ ಹೋಗೋ ಸಾಧ್ಯತೆ ಇರೋದು ಕ್ರೇನ್ ಕಿಟ್ಟಿಗೆ ಮಾತ್ರ. 8431ಕ್ಕೆ ಖಂಡಿತವಾಗಿ ಹೋಗೋದು ರೋಪ್ ಗೈಡ್ ಒಂದೇ, ಕಿಟ್ಟಿನ ಲೆಕ್ಕಾಚಾರ ಬೇರೆ ಥರ ಆದ್ರೆ ಅದರಲ್ಲಿ ಸ್ವಲ್ಪ ಭಾಗ. ಉಳಿದ ಏಳೂ ಇವೆರಡನ್ನೂ ಬಿಟ್ಟು ಬೇರೆ ಹೆಡ್ಡಿಂಗುಗಳಿಗೆ (ಕೋಡಿನ ಮೊದಲ 4 ಅಂಕಿ) ಹೋಗ್ತವೆ, ಎರಡಂತೂ ಮಷೀನುಗಳ ಚಾಪ್ಟರಲ್ಲೇ (ಮೊದಲ 2 ಅಂಕಿ) ಇಲ್ಲ, ಕಬ್ಬಿಣ-ಉಕ್ಕಿನ ಸಾಮಾನುಗಳ ಚಾಪ್ಟರಲ್ಲಿವೆ.

ಸಪ್ಲೈಯರ್ ಕೋಡ್ ಬಗ್ಗೆ ಒಂದು ತಪ್ಪು ತಿಳುವಳಿಕೆ ತುಂಬಾ ಜನಕ್ಕಿದೆ. ಎಚ್‌ಎಸ್ ಕೋಡ್ ಅನ್ನೋದು ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಷನ್ ನೋಡ್ಕೊಳ್ಳೋ ಅಂತರರಾಷ್ಟ್ರೀಯ ಪಟ್ಟಿ, 1988ರ ಜನವರಿ 1ರಿಂದ ಜಾರಿಲಿದೆ, ಅದನ್ನ ಬಳಸೋ ದೇಶಗಳಲ್ಲೆಲ್ಲ ಮೊದಲ 6 ಅಂಕಿ ಒಂದೇ. ಅದಾದ್ಮೇಲಿನ ಅಂಕಿಗಳನ್ನ ಪ್ರತಿ ದೇಶ ತನಗೆ ಬೇಕಾದ ಹಾಗೆ ಸೇರಿಸ್ಕೊಳತ್ತೆ. ಹಾಗಾಗಿ ಎಕ್ಸ್‌ಪೋರ್ಟರ್ ಕಡೆಯ 10 ಅಂಕಿ ನಿಮಗೆ ಉಪಯೋಗಕ್ಕೆ ಬರಲ್ಲ. ಮೊದಲ ಆರು ಕೂಡ ಅವನು ತನ್ನ ರಫ್ತಿನ ಅನುಕೂಲ ನೋಡಿ, ಅಥವಾ ನಾವು ಕ್ರೇನ್ ಕಂಪನಿ ಅಲ್ವಾ ಅಂತ ಅಭ್ಯಾಸಬಲದಿಂದ ಹಾಕಿರ್ತಾನೆ. ಇನ್ನೊಂದು ವಿಷಯ, ಈ ಪಟ್ಟಿ ಆಗಾಗ ಬದಲಾಗತ್ತೆ, ಕೊನೇ ಎರಡು ದೊಡ್ಡ ಬದಲಾವಣೆ 2017 ಮತ್ತು 2022ರದ್ದು, ಮುಂದಿನದು 2028ಕ್ಕೆ ಬರತ್ತೆ. ಉದಾಹರಣೆಗೆ 2022ರಲ್ಲಿ ಭಾರ ಎತ್ತಿ ಇಡೋ ಇಂಡಸ್ಟ್ರಿಯಲ್ ರೋಬೋಟಿಗೆ ಅಂತಲೇ 8428.70 ಹೊಸದಾಗಿ ಬಂತು. ಸಪ್ಲೈಯರ್ ಸಿಸ್ಟಮ್ಮಲ್ಲಿ ಹಳೇ ಪಟ್ಟಿ ಇದ್ರೆ ಆ ಕೋಡು ಈಗ ನಿಮ್ಮ ದೇಶದ ಟ್ಯಾರಿಫಲ್ಲಿ ಇಲ್ದೇನೂ ಇರಬಹುದು.

ಹಿಂದೆ ಪಾಸಾಗಿದೆ ಅನ್ನೋದಂತೂ ನಂಬಬೇಡಿ. ಬಂದರಲ್ಲಿ ಮಾಲು ಬಿಡೋದು ಒಂದು ಹಂತ, ಲೆಕ್ಕ ತಪಾಸಣೆ ಬೇರೆ ಹಂತ. ಈಗ ಎಷ್ಟೋ ದೇಶಗಳಲ್ಲಿ ಮಾಲನ್ನ ಬೇಗ ಬಿಟ್ಟು, ಆಮೇಲೆ ಆಫೀಸಿಗೆ ಬಂದು ಹಳೇ ಫೈಲು ತೆಗೆಸಿ ನೋಡೋ ಪದ್ಧತಿನೇ ಜಾಸ್ತಿ. ಪಾಸಾಗಿದೆ ಅಂದ್ರೆ ಯಾರೂ ಇನ್ನೂ ನೋಡಿಲ್ಲ ಅಂತ ಮಾತ್ರ ಅರ್ಥ.

ಕೋಡ್ ಹುಡುಕೋಕೆ ಕೂರೋ ಮುಂಚೆ ಪ್ರತಿ ಮಷೀನಿಗೂ ಒಂದು ಹಾಳೆ ಇಟ್ಕೊಂಡು ಇಷ್ಟು ಬರ್ಕೊಳಿ: ಇದು ಭಾರನ ಎತ್ತತ್ತೋ, ಎಳೆಯತ್ತೋ, ಸಾಗಿಸತ್ತೋ. ನಿಂತ ಜಾಗದಲ್ಲೇ ಕೆಲಸನಾ, ಹಳಿ ಮೇಲಾ, ಟೈರ್ ಮೇಲಾ. ತಾನೇ ಓಡತ್ತಾ, ತಳ್ಳಬೇಕಾ. ಶಕ್ತಿ ಯಾವ್ದು, ಕೈಯಾ, ಕರೆಂಟಾ, ಡೀಸೆಲ್ಲಾ, ಹೈಡ್ರಾಲಿಕ್ಕಾ. ಕಸ್ಟಮ್ಸ್ ಮುಂದೆ ಬಂದಾಗ ಯಾವ ಸ್ಥಿತಿಲಿರತ್ತೆ, ಪೂರ್ತಿಯಾ, ಬಿಚ್ಚಿದ್ದಾ, ಅರ್ಧನಾ. ಭಾರ ಎತ್ತೋ ಮಷೀನುಗಳ ಹೆಡ್ಡಿಂಗೆಲ್ಲ ಈ ಪ್ರಶ್ನೆಗಳ ಮೇಲೇನೇ ವಿಂಗಡಣೆ ಆಗಿದೆ. ಡ್ಯೂಟಿ ರೇಟು ಆ ಹಾಳೆಲಿ ಎಲ್ಲೂ ಬರಬಾರದು. ರೇಟ್ ನೋಡಿ ಕೋಡ್ ಹುಡುಕೋಕೆ ಶುರು ಮಾಡಿದ್ರೆ ಮನಸ್ಸು ಅದಕ್ಕೆ ಬೇಕಾದ ಕಾರಣನ ತಾನೇ ಜೋಡಿಸ್ಕೊಳತ್ತೆ, ತಿಳಿದವರ ಕೈಲೂ ಇದು ಆಗೋದನ್ನ ನೋಡಿದೀನಿ.

ನಿಮ್ಮ ಹಾಯಿಸ್ಟಿಂದ ಶುರು ಮಾಡೋಣ. 8425 ಅನ್ನೋದು ಸರಳ ಎತ್ತೋ ಸಾಧನಗಳ ಮನೆ: ಚೈನ್ ಪುಲ್ಲಿ, ಹಾಯಿಸ್ಟು, ವಿಂಚು, ಕ್ಯಾಪ್‌ಸ್ಟನ್ನು, ಜಾಕಿ. ಎಲೆಕ್ಟ್ರಿಕ್ ಮೋಟಾರಿನ ಹಾಯಿಸ್ಟ್ 8425.11, ಕೈಯಲ್ಲಿ ಎಳೆಯೋ ಚೈನ್ ಪುಲ್ಲಿ ಮತ್ತೆ ಗಾಳಿ ಒತ್ತಡದ್ದು 8425.19. ವಿಂಚಾದ್ರೆ ಕರೆಂಟಿಂದು 8425.31, ಬೇರೆದು 8425.39. ಹಾಯಿಸ್ಟಿಗೆ ಟ್ರಾಲಿ ಇದ್ರೆ ಅದು ಕ್ರೇನ್ ಆಗ್ಬಿಡತ್ತಾ ಅಂತ ಕೇಳ್ತಾರೆ, ಆಗಲ್ಲ, ಒಂದು ಬೀಮಿನ ಮೇಲೆ ಆ ಕಡೆ ಈ ಕಡೆ ಹೋದ ಮಾತ್ರಕ್ಕೆ ಹಾಯಿಸ್ಟು ಹಾಯಿಸ್ಟೇ. ಆ ಬೀಮೇ ಎರಡು ಕಡೆ ಎಂಡ್ ಕ್ಯಾರೇಜ್ (ತುದಿಯ ಚಕ್ರದ ಚೌಕಟ್ಟು) ಮೇಲೆ ಕೂತು ಶೆಡ್ಡಿನ ಉದ್ದಕ್ಕೂ ಓಡೋಕೆ ಶುರುವಾದಾಗ ಅದು ಓವರ್‌ಹೆಡ್ ಟ್ರಾವೆಲಿಂಗ್ ಕ್ರೇನ್ ಆಗತ್ತೆ, ಆಗ 8426.11. ನಿಮ್ಮ 2 ಟನ್ನಿನದು ಬಿಡಿ ಹಾಯಿಸ್ಟಾಗಿ ಬರ್ತಿರೋದ್ರಿಂದ 8425.11, ಗಿರಾಕಿ ಅದನ್ನ ನಾಳೆ ಕ್ರೇನಿಗೇ ಹಾಕ್ಕೊಂಡ್ರೂ ಅಷ್ಟೇ.

ಪ್ಯಾಲೆಟ್ ಟ್ರಕ್ಕು ಮತ್ತು ಸಿಸರ್ ಲಿಫ್ಟು ಎರಡೂ 8427 ಕುಟುಂಬಕ್ಕೆ ಬರ್ತವೆ. ಫೋರ್ಕ್ ಲಿಫ್ಟು ಮತ್ತು ಎತ್ತೋ ಸಾಧನ ಇರೋ ಬೇರೆ ವರ್ಕ್ಸ್ ಟ್ರಕ್ಕುಗಳದ್ದು (ಫ್ಯಾಕ್ಟರಿ, ಗೋಡೌನ್ ಒಳಗೆ ಬಳಸೋ ಟ್ರಕ್ಕುಗಳು) ಆ ಹೆಡ್ಡಿಂಗು. ಅದರೊಳಗೆ ವಿಂಗಡಣೆ ಹೇಗಂದ್ರೆ, ಎಲೆಕ್ಟ್ರಿಕ್ ಮೋಟಾರಿಂದ ತಾನೇ ಓಡೋದು 8427.10, ಬೇರೆ ಎಂಜಿನಿಂದ ತಾನೇ ಓಡೋದು 8427.20, ಉಳಿದಿದ್ದೆಲ್ಲ 8427.90. ಕೈ ಪ್ಯಾಲೆಟ್ ಟ್ರಕ್ಕು ಕೊನೇದಕ್ಕೆ. ಬ್ಯಾಟರಿಲೇ ಓಡಾಡೋ ಸಿಸರ್ ಲಿಫ್ಟು ಸಾಮಾನ್ಯವಾಗಿ 8427.10ಕ್ಕೆ ಹೋಗತ್ತೆ. ಇಲ್ಲಿ ಒಂದು ಕಡೆ ಜನ ಎಡವ್ತಾರೆ: ಸೆಮಿ ಎಲೆಕ್ಟ್ರಿಕ್ ಸ್ಟ್ಯಾಕರ್ ಅಂತ ಬರತ್ತಲ್ಲ, ಎತ್ತೋದು ಮೋಟಾರಲ್ಲಿ, ತಳ್ಳೋದು ಕೈಯಲ್ಲಿ, ಅದನ್ನ ಬ್ಯಾಟರಿ ಇದೆ ಅಂತ 8427.10ಕ್ಕೆ ಹಾಕ್ಬಿಡ್ತಾರೆ. ಅಲ್ಲಿ ಬೇಕಿರೋದು ತಾನೇ ಓಡೋ ಗುಣ, ಅದಿಲ್ಲ ಅಂದ್ರೆ 8427.90. ಇನ್ನು ನೆಲದ ಮೇಲೆ ಒಂದೇ ಕಡೆ ಕೂರೋ ಸಿಸರ್ ಟೇಬಲ್ ಟ್ರಕ್ಕೇ ಅಲ್ಲ, ಅದು ಸಾಮಾನ್ಯವಾಗಿ 8428.90. ಹೆಸರಲ್ಲಿ ಲಿಫ್ಟ್ ಇದೆ ಅಂತ ಜನ ಹತ್ತೋ ಲಿಫ್ಟಿನ 8428.10ಕ್ಕೆ ಹಾಕಿದ ಡಿಕ್ಲರೇಷನ್ನೂ ನನ್ನ ಟೇಬಲ್ಲಿಗೆ ಬಂದಿದೆ. ಹಾಗಾಗಿ ಇನ್ವಾಯ್ಸಲ್ಲಿ ಬರೀ ಸಿಸರ್ ಲಿಫ್ಟ್ ಅಂತ ಬಿಡದೇ ಬ್ಯಾಟರಿಯಿಂದ ತಾನೇ ಓಡೋದು, ಪ್ಲಾಟ್‌ಫಾರ್ಮ್ ಎತ್ತರ ಇಷ್ಟು, ಕೆಪ್ಯಾಸಿಟಿ ಇಷ್ಟು ಅಂತ ಬರೆಸಿ.

ಈಗ ಪಾರ್ಟ್ಸ್ ವಿಷಯ. ಅತಿ ಹೆಚ್ಚು ದುಡ್ಡು ಕಳ್ಕೊಳ್ಳೋದು, ಅತಿ ಹೆಚ್ಚು ನೋಟಿಸು ಬರೋದು ಇದರಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

8431 ಅಂದ್ರೆ 8425ರಿಂದ 8430ರವರೆಗಿನ ಮಷೀನುಗಳಿಗೆ ಮಾತ್ರ ಅಥವಾ ಮುಖ್ಯವಾಗಿ ಬಳಕೆಗೆ ಬರೋ ಪಾರ್ಟುಗಳು. ಕೇಳೋಕೆ ಎಲ್ಲಾ ಬರತ್ತೆ ಅನ್ನಿಸತ್ತೆ. ಆದ್ರೆ ಮಷೀನುಗಳ ಸೆಕ್ಷನ್ 16ಕ್ಕೆ ಮೊದಲಲ್ಲೇ ನೋಟ್ಸ್ ಇವೆ, ಅವಕ್ಕೆ ಹೆಡ್ಡಿಂಗಿನಷ್ಟೇ ಕಾನೂನಿನ ಬಲ ಇದೆ, ಅವನ್ನ ಓದದೇ 8431ಕ್ಕೆ ಕೈ ಹಾಕಲೇಬಾರದು. ನೋಟ್ 1 ಏನು ಹೇಳತ್ತೆ ಅಂದ್ರೆ, ಸಾಮಾನ್ಯ ಬಳಕೆಯ ಪಾರ್ಟುಗಳು ಈ ಸೆಕ್ಷನ್ನಿಗೇ ಬರಲ್ಲ. ಯಾವ್ಯಾವು ಅಂತ ಲೋಹದ ಸಾಮಾನುಗಳ ಸೆಕ್ಷನ್ 15ರ ನೋಟ್ 2ರಲ್ಲಿ ಪಟ್ಟಿ ಇದೆ, ಅದರಲ್ಲಿ 7312ರ ವೈರ್ ರೋಪು, 7315ರ ಚೈನು, 7318ರ ಬೋಲ್ಟ್ ನಟ್ಟು ಎಲ್ಲ ಸೇರಿವೆ. ಅಂದ್ರೆ ನಿಮ್ಮ ಸ್ಪೇರ್ ಲೋಡ್ ಚೈನು ಆ ಹಾಯಿಸ್ಟಿಗೇ ಅಂತ ಎಷ್ಟೇ ಕರಾರುವಾಕ್ಕಾಗಿ ಮಾಡಿದ್ರೂ, ಅದರ ಮೇಲೆ ಹಾಯಿಸ್ಟ್ ಕಂಪನಿಯ ಮುದ್ರೆನೇ ಇದ್ರೂ, ಬಿಡಿಯಾಗಿ ಬಂದಾಗ ಅದು ಉಕ್ಕಿನ ಚೈನೇ, ವೆಲ್ಡೆಡ್ ಲಿಂಕ್ ಆದ್ರೆ 7315.82. ವೈರ್ ರೋಪು 7312.10. ಅದೇ ರೋಪಿಗೆ ಎರಡು ತುದಿಲೂ ಕಣ್ಣು ಕಟ್ಟಿ ಸ್ಲಿಂಗ್ ಮಾಡಿ ತಂದ್ರೆ 7312.90. ಪಾಲಿಯೆಸ್ಟರ್ ಪಟ್ಟಿಯ ವೆಬ್ಬಿಂಗ್ ಸ್ಲಿಂಗಾದ್ರೆ ಅದು ಬಟ್ಟೆ ಸಾಮಾನುಗಳ ಕಡೆಗೇ ಹೋಗತ್ತೆ. ಹಾಯಿಸ್ಟಿಗೆ ಆಗಲೇ ಜೋಡಿಸಿರೋ ಚೈನಿಗೆ ಮಾತ್ರ ಈ ಚಿಂತೆ ಇಲ್ಲ, ಅದು ಹಾಯಿಸ್ಟಿನ ಭಾಗವಾಗಿ 8425.11ರಲ್ಲೇ ಹೋಗತ್ತೆ.

ನೋಟ್ 2 ಅದಕ್ಕಿಂತ ದೊಡ್ಡ ಜರಡಿ. ಒಂದು ಪಾರ್ಟಿಗೆ ಚಾಪ್ಟರ್ 84 ಅಥವಾ 85ರಲ್ಲಿ ತನ್ನದೇ ಹೆಸರಿನ ಹೆಡ್ಡಿಂಗ್ ಇದ್ರೆ ಅದು ಯಾವ ಮಷೀನಿಗೆ ಹೋಗೋದಾದ್ರೂ ತನ್ನ ಹೆಡ್ಡಿಂಗಿಗೇ ಹೋಗಬೇಕು (8431ರಂಥ ಪಾರ್ಟ್ಸ್ ಹೆಡ್ಡಿಂಗುಗಳನ್ನ ಬಿಟ್ಟು). ಹಾಗಾಗಿ ಹಾಯಿಸ್ಟ್ ಮೋಟಾರು 8501. ಗೇರ್ ಬಾಕ್ಸು 8483, ಬೇರಿಂಗು 8482, ಹೈಡ್ರಾಲಿಕ್ ಸಿಲಿಂಡರು 8412.21, ಪಂಪು 8413, ವಾಲ್ವು 8481, ಎಲೆಕ್ಟ್ರೋ ಮ್ಯಾಗ್ನೆಟಿಕ್ ಬ್ರೇಕು 8505.20, ಸ್ಪೀಡ್ ಕಂಟ್ರೋಲ್ ಮಾಡೋ ಡ್ರೈವು 8504.40, ಪ್ಯಾನೆಲ್ಲು 8537. ನಿಮ್ಮ ರೇಡಿಯೊ ರಿಮೋಟಿಗೆ 8526.92. ಕ್ರೇನಿಗೆ ನೇತು ಹಾಕೋ ಎಲೆಕ್ಟ್ರೋ ಮ್ಯಾಗ್ನೆಟ್ಟು ಕೂಡ, ಅದು ಎಷ್ಟೇ ದೊಡ್ಡದಿದ್ರೂ, 8505ರಲ್ಲಿ ಹೆಸರು ಹಿಡಿದೇ ಹೇಳಿದಾರೆ. ಈ ಎರಡೂ ಜರಡಿ ದಾಟಿ ಉಳಿಯೋ ಪಾರ್ಟು, ಅಂದ್ರೆ ಬೇರೆಲ್ಲೂ ಹೆಸರಿಲ್ಲದ, ಈ ಮಷೀನಿಗೆ ಮಾತ್ರ ಅಥವಾ ಮುಖ್ಯವಾಗಿ ಆಗೋ ಪಾರ್ಟು, ಆಗ 8431. ನಿಮ್ಮ ರೋಪ್ ಗೈಡ್ ಅಂಥದ್ದು. ಅದು ಹಾಯಿಸ್ಟಿನದಾದ್ರೆ 8431.10, ಫೋರ್ಕ್ ಲಿಫ್ಟ್ ಜಾತಿಯವುಗಳ ಪಾರ್ಟಾದ್ರೆ 8431.20, ಕ್ರೇನಿನದಾದ್ರೆ 8431.49, ಗ್ರ್ಯಾಬ್ ಬಕೆಟ್ ಆದ್ರೆ 8431.41. 8431 ಒಳಗೂ ಯಾವ ಮಷೀನಿನದ್ದು ಅಂತ ಹೇಳಲೇಬೇಕು ನೋಡಿ.

ಎಲ್ಲಾನೂ 8431ಕ್ಕೆ ಹಾಕೋದ್ರಲ್ಲಿ ಇನ್ನೂ ಒಂದು ಅಪಾಯ ಇದೆ, ಏಜೆಂಟುಗಳು ಇದನ್ನ ಹೇಳೋದು ಕಮ್ಮಿ. ಕೋಡ್ ಅನ್ನೋದು ಬರೀ ಡ್ಯೂಟಿ ರೇಟಿಗೆ ಅಲ್ಲ. ವ್ಯಾಪಾರ ಒಪ್ಪಂದದ ರಿಯಾಯಿತಿ ಬೇಕಂದ್ರೆ ಮೂಲ ದೇಶದ ಸರ್ಟಿಫಿಕೇಟಲ್ಲಿರೋ ಕೋಡೂ ನಿಮ್ಮ ಡಿಕ್ಲರೇಷನ್ ಕೋಡೂ ಹೊಂದಬೇಕು. ಎಷ್ಟೋ ಒಪ್ಪಂದಗಳಲ್ಲಿ ಕಚ್ಚಾ ಪಾರ್ಟಿನ ಹೆಡ್ಡಿಂಗಿಂದ ಮಷೀನಿನ ಹೆಡ್ಡಿಂಗಿಗೆ ಬದಲಾಗಿದ್ಯಾ ಅನ್ನೋದೇ ಮೂಲ ನಿರ್ಧಾರದ ಅಳತೆ, ಅಲ್ಲಿ 8426ನ್ನ 8431 ಅಂದ್ರೆ ಆ ಲೆಕ್ಕನೇ ಕುಸಿದು ಬೀಳತ್ತೆ. ಆಂಟಿ ಡಂಪಿಂಗ್ ಸುಂಕನೂ (ತೀರಾ ಕಮ್ಮಿ ಬೆಲೆಗೆ ತಂದು ಸುರಿಯೋ ಮಾಲಿನ ಮೇಲೆ ಹಾಕೋ ಹೆಚ್ಚುವರಿ ಸುಂಕ) ಇದೆ. ಯೂರೋಪಿಯನ್ ಯೂನಿಯನ್ 2005ರಲ್ಲಿ ಚೀನಾ ಮೂಲದ ಕೈ ಪ್ಯಾಲೆಟ್ ಟ್ರಕ್ಕಿನ ಮೇಲೆ ಅಂಥ ಸುಂಕ ಹಾಕಿದಾಗ ಟ್ರಕ್ಕಿನ ಜೊತೆ ಅದರ ಮುಖ್ಯ ಪಾರ್ಟುಗಳಾದ ಚಾಸಿ ಮತ್ತು ಹೈಡ್ರಾಲಿಕ್ಸನ್ನೂ ಸೇರಿಸಿತ್ತು, ಪಾರ್ಟ್ಸ್ ಅಂತ ಬರೆದು ತಪ್ಪಿಸ್ಕೊಳ್ಳೋ ದಾರಿ ಇರಲಿ ಅಂತ ಬಿಟ್ಟಿರಲಿಲ್ಲ. ಪೂರ್ತಿ ಮಷೀನನ್ನ ಪಾರ್ಟ್ಸ್ ಅಂತ ತೋರಿಸಿದ್ದು ಸಿಕ್ಕಿಬಿದ್ರೆ ಅದನ್ನ ಅಭಿಪ್ರಾಯ ಭೇದ ಅಂತ ಯಾರೂ ನೋಡಲ್ಲ, ಸುಳ್ಳು ವಿವರ ಅಂತಲೇ ನೋಡ್ತಾರೆ, ದಂಡದ ಪ್ರಮಾಣ ಅಲ್ಲೇ ಬದಲಾಗೋದು.

ಇನ್ನು ಗರ್ಡರ್ ಇಲ್ಲದ ಕ್ರೇನ್ ಕಿಟ್ಟು. ನಿಮ್ಮ ಪಟ್ಟಿಲಿ ನಿಜವಾಗಿ ಕಷ್ಟದ್ದು ಇದೊಂದೇ, ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋರನ್ನ ನಾನು ನಂಬಲ್ಲ. ಎಚ್‌ಎಸ್ ಪಟ್ಟಿನ ಹೇಗೆ ಓದಬೇಕು ಅನ್ನೋ ವ್ಯಾಖ್ಯಾನದ ನಿಯಮಗಳಲ್ಲಿ ರೂಲ್ 2ಎ ಅಂತಿದೆ: ಅಪೂರ್ಣ ಮಷೀನು ಬಂದ್ರೂ ಅದರಲ್ಲಿ ಪೂರ್ಣ ಮಷೀನಿನ ಮೂಲ ಲಕ್ಷಣ ಇದ್ರೆ ಅದನ್ನ ಪೂರ್ಣ ಮಷೀನಾಗೇ ವರ್ಗೀಕರಿಸಬೇಕು, ಬಿಚ್ಚಿ ಪೆಟ್ಟಿಗೆಗಳಲ್ಲಿ ಬಂದಿದ್ರೂ ಹಾಗೇ. ನಿಮ್ಮ ಕಿಟ್ಟಲ್ಲಿ ಹಾಯಿಸ್ಟ್ ಇದೆ, ಎಂಡ್ ಕ್ಯಾರೇಜ್ ಇದೆ, ಓಡಿಸೋ ಮೋಟಾರುಗಳಿವೆ, ಪ್ಯಾನೆಲ್ಲು, ಕೇಬಲ್ಲು ಇವೆ, ಇಲ್ಲದಿರೋದು ಗರ್ಡರ್ ಮಾತ್ರ. ಒಂದು ವಾದ, ಕ್ರೇನಿನ ಎತ್ತೋ ಓಡೋ ನಿಯಂತ್ರಿಸೋ ಬುದ್ಧಿಯೆಲ್ಲ ಇಲ್ಲೇ ಇದೆ, ಗರ್ಡರ್ ಬರೀ ಉಕ್ಕಿನ ಪೆಟ್ಟಿಗೆ, ಹಾಗಾಗಿ ಇದು 8426.11. ಎದುರು ವಾದ, ಸೇತುವೆಯಂಥ ಗರ್ಡರೇ ಇಲ್ಲದಿದ್ರೆ ಓವರ್‌ಹೆಡ್ ಕ್ರೇನ್ ಅನ್ನೋಕೆ ಏನಿದೆ, ಭಾರ ಹೊರೋದು ಅದೇ, ಹಾಗಾಗಿ ಹಾಯಿಸ್ಟ್ 8425.11, ಎಂಡ್ ಕ್ಯಾರೇಜು 8431.49, ಮಿಕ್ಕಿದ್ದೆಲ್ಲ ಅವುಗಳ ಹೆಡ್ಡಿಂಗಿಗೆ. ಎರಡೂ ಕಡೆಗೂ ಬಲ ಇದೆ. ನಾನು ಮೊದಲು ನೋಡೋದು ಪ್ಯಾಕಿಂಗ್ ಲಿಸ್ಟು, ಡ್ರಾಯಿಂಗು ಮತ್ತು ಕಾಂಟ್ರಾಕ್ಟು: ಈ ಕಿಟ್ಟು ಒಂದು ನಿರ್ದಿಷ್ಟ ಸ್ಪ್ಯಾನಿಗೆ (ಎರಡು ಹಳಿ ನಡುವಿನ ಅಗಲ), ಒಂದು ನಿರ್ದಿಷ್ಟ ಕ್ರೇನಿಗೆ ಅಂತಲೇ ಲೆಕ್ಕ ಹಾಕಿ ಮಾಡಿದ್ದಾ, ಎಲ್ಲ ಒಟ್ಟಿಗೆ ಒಂದೇ ಸಲ ಹಾಜರಾಗ್ತಿದ್ಯಾ, ಮೌಲ್ಯದಲ್ಲಿ ಕ್ರೇನಿನ ಎಷ್ಟು ಪಾಲು ಇಲ್ಲಿದೆ. ಮೊದಲ ಎರಡಕ್ಕೂ ಹೌದು, ಮೂರನೇದಕ್ಕೆ ದೊಡ್ಡ ಪಾಲು ಅಂತ ಬಂದ್ರೆ ನಾನು 8426.11 ಕಡೆಗೇ ವಾಲ್ತೀನಿ. ಸ್ಟಾಕಿಗೆ ಅಂತ ಹಾಯಿಸ್ಟು ಇಷ್ಟು, ಎಂಡ್ ಕ್ಯಾರೇಜ್ ಅಷ್ಟು ಅಂತ ಲೆಕ್ಕ ಹೊಂದದೆ ಬಂದ್ರೆ ಬಿಡಿಬಿಡಿಯಾಗಿ. ಆದ್ರೆ ಇದು ನನ್ನ ವಾಲಿಕೆ, ನಿಮಗೆ ಬೇಕಿರೋದು ನಿಮ್ಮ ದೇಶದ ಕಸ್ಟಮ್ಸಿನ ಲಿಖಿತ ಮಾತು, ಅದಕ್ಕೆ ಕೆಳಗೆ ಬರ್ತೀನಿ.

ಕಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದೇ ಕ್ರೇನನ್ನ ಬೇಕಂತಲೇ ಮೂರು ಇನ್ವಾಯ್ಸು, ಮೂರು ಹಡಗು ಅಂತ ಒಡೆದು ತರಿಸಿ ಪಾರ್ಟ್ಸ್ ರೇಟಲ್ಲಿ ಬಿಡಿಸ್ಕೊಳ್ಳೋ ಸಲಹೆ ಕೊಡೋರಿದಾರೆ. ಒಡೆದು ಬಂದ ಮಾಲಿಗೆ ಪ್ರತಿ ದೇಶದಲ್ಲೂ ತನ್ನದೇ ನಿಯಮ ಇರತ್ತೆ, ಒಂದೇ ಕಾಂಟ್ರಾಕ್ಟಿನ ಮಾಲು ಅಂತ ಗೊತ್ತಾದ್ರೆ ಎಲ್ಲ ಸೇರಿಸಿ ಪೂರ್ತಿ ಮಷೀನಾಗಿ ನೋಡೋ ಕಡೆನೂ ಉಂಟು. ನಿಜವಾಗ್ಲೂ ಗರ್ಡರ್ ಸ್ಥಳೀಯವಾಗಿ ಮಾಡಿಸೋದು ಲಾಭ ಅಂತ ಕಿಟ್ ತರಿಸಿದ್ರೆ ಅದು ವ್ಯಾಪಾರದ ನಿರ್ಧಾರ, ಯಾರೂ ತಪ್ಪು ಅನ್ನಲ್ಲ. ಕಾಗದದಲ್ಲಿ ಮಾತ್ರ ಒಡೆಯೋದು ಬೇರೆ.

ಸೆಕೆಂಡ್ ಹ್ಯಾಂಡ್ ಟ್ರಕ್ ಕ್ರೇನಿನ ಬಗ್ಗೆ. ಮೊದಲು, ಹಳೇದಾಗ್ಲಿ ಹೊಸದಾಗ್ಲಿ ಕೋಡ್ ಬದಲಾಗಲ್ಲ, ಬದಲಾಗೋದು ಮೌಲ್ಯಮಾಪನ ಮತ್ತು ಲೈಸೆನ್ಸಿನ ನಿಯಮಗಳು. ಕೋಡ್ ನಿರ್ಧಾರ ಆಗೋದು ಕ್ರೇನ್ ಯಾವುದರ ಮೇಲೆ ಕೂತಿದೆ ಅನ್ನೋದ್ರಿಂದ. ತನ್ನದೇ ಎಂಜಿನ್, ಗೇರ್ ಬಾಕ್ಸ್ ಮತ್ತು ಅದರ ನಿಯಂತ್ರಣ, ಸ್ಟೀರಿಂಗ್, ಬ್ರೇಕ್ ಎಲ್ಲ ಇರೋ ಹೆಚ್ಚುಕಮ್ಮಿ ಪೂರ್ತಿ ಲಾರಿ ಚಾಸಿ ಮೇಲೆ ತಿರುಗೋ ಕ್ರೇನು ಕಾಯಂ ಆಗಿ ಕೂತಿದ್ರೆ ಅದು ವಾಹನ, 8705.10, ಅಂದ್ರೆ ಕ್ರೇನ್ ಲಾರಿ. ಅದರ ಬದಲು ಓಡಿಸೋ ನಿಯಂತ್ರಣ ಕ್ರೇನಿನ ಕ್ಯಾಬಿನಲ್ಲೇ ಇದ್ರೆ, ರಫ್ ಟೆರೇನ್ ಕ್ರೇನಲ್ಲಿ ಇರತ್ತಲ್ಲ ಹಾಗೆ, ಅದು ರಸ್ತೆ ಮೇಲೆ ತಾನೇ ಓಡೋದಾದ್ರೂ ಮಷೀನೇ, ಟೈರ್ ಮೇಲಿದ್ರೆ 8426.41. ಕ್ರಾಲರ್ (ಟ್ಯಾಂಕಿಗಿರೋ ಥರದ ಚೈನ್ ಪಟ್ಟಿ) ಮೇಲಿದ್ರೆ 8426.49. ಇನ್ನು ಲಾರಿ ಕ್ಯಾಬಿನ ಹಿಂದೆ ಮಡಚಿ ಕೂರೋ ಲೋಡರ್ ಕ್ರೇನು, ಅದನ್ನ ಬಿಡಿಯಾಗಿ ತಂದ್ರೆ 8426.91. ಅದನ್ನೇ ಸಾಮಾನು ಸಾಗಿಸೋ ಬಾಡಿ ಇರೋ ಲಾರಿಗೆ ಕೂರಿಸಿ ತಂದ್ರೆ ಅದು ಸರಕು ಲಾರಿ, 8704, ಯಾಕಂದ್ರೆ ಅಲ್ಲಿ ಕ್ರೇನ್ ಇರೋದು ತನ್ನ ಸಾಮಾನನ್ನ ತಾನೇ ಹೇರ್ಕೊಳೋಕೆ. ಚಾಪ್ಟರ್ 84ಕ್ಕೂ 87ಕ್ಕೂ ಸುಂಕದಲ್ಲಿ ದೊಡ್ಡ ವ್ಯತ್ಯಾಸ ಇರೋ ದೇಶಗಳಿವೆ, ವಾಹನ ಅಂದಕೂಡ್ಲೇ ಹಳೇ ವಾಹನ ಆಮದಿನ ನಿರ್ಬಂಧಗಳೂ ಅಂಟ್ಕೊಳ್ತವೆ. ಆದ್ದರಿಂದ ಅಡ್ವಾನ್ಸ್ ಕೊಡೋ ಮುಂಚೆನೇ ಮಾರೋರಿಂದ ಎರಡೂ ಕ್ಯಾಬಿನ್ ಒಳಗಿನ ಫೋಟೊ, ಚಾಸಿ ನಂಬರಿನ ಪ್ಲೇಟು, ಮೂಲ ತಯಾರಕರ ಡೇಟಾ ಶೀಟು ತರಿಸ್ಕೊಳಿ. ಸ್ಟೀರಿಂಗ್ ಎಲ್ಲಿದೆ ಅನ್ನೋ ಒಂದು ಫೋಟೊದಿಂದಲೇ ಎಷ್ಟೋ ವಾದ ಮುಗಿದಿರೋದುಂಟು.

ಈಗ ನಿಮ್ಮ ಮುಂದಿರೋ ದಾರಿಗಳು. ಈ ಕಂಟೇನರಿಗೆ ನೀವು ಇವತ್ತೇ ಮಾಡಬೇಕಾದ್ದು ಸಪ್ಲೈಯರಿಗೆ ಬರೆದು ಇನ್ವಾಯ್ಸನ್ನೂ ಪ್ಯಾಕಿಂಗ್ ಲಿಸ್ಟನ್ನೂ ಐಟಮ್ ವಾರು ಮಾಡಿಸೋದು, ಪ್ರತಿಯೊಂದಕ್ಕೂ ಬೇರೆ ಬೆಲೆ, ಬೇರೆ ವಿವರಣೆ. ಕೋಡ್ ಬದಲಾಯಿಸು ಅಂತ ಕೇಳಬೇಡಿ, ನಿಜವಾದ ವಿವರಣೆ ಬರಿ ಅಂತ ಕೇಳಿ. ಆಮೇಲೆ 9 ಸಾಲಿನ ಡಿಕ್ಲರೇಷನ್ ಹಾಕಿಸಿ. ಏಜೆಂಟಿಗೆ ಕೆಲಸ ಜಾಸ್ತಿ, ಕೆಲವು ಸಾಲಿಗೆ ಡ್ಯೂಟಿ ಜಾಸ್ತಿ ಬರಬಹುದು, ಕೆಲವಕ್ಕೆ ಕಮ್ಮಿನೂ ಬರಬಹುದು, ಎರಡೂ ನೋಡಿದೀನಿ. ಪ್ರತಿ ಸಾಲಿಗೂ ಯಾವ ನಿಯಮ, ಯಾವ ನೋಟ್ ಮೇಲೆ ಆ ಕೋಡ್ ಅಂತ ಒಂದೊಂದು ಪ್ಯಾರಾ ಬರೆದು ಕ್ಯಾಟಲಾಗ್ ಸಮೇತ ಫೈಲಲ್ಲಿಡಿ. ನಾಳೆ ಕಸ್ಟಮ್ಸ್ ಒಪ್ಪದೇ ಇದ್ರೂ ಪ್ರಾಮಾಣಿಕವಾಗಿ ಯೋಚಿಸಿ ಹಾಕಿದ್ದು ಅನ್ನೋಕೆ ಆ ಫೈಲೇ ಸಾಕ್ಷಿ.

ಕಿಟ್ಟನ್ನ ಮತ್ತೆ ಮತ್ತೆ ತರಿಸೋರಿದ್ರೆ ಅಡ್ವಾನ್ಸ್ ರೂಲಿಂಗ್ ತಗೊಳಿ, ಟ್ರಕ್ ಕ್ರೇನಿಗೂ ಅಷ್ಟೇ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಟ್ರೇಡ್ ಫೆಸಿಲಿಟೇಷನ್ ಒಪ್ಪಂದದ 3ನೇ ವಿಧಿ ಪ್ರಕಾರ ಸದಸ್ಯ ದೇಶಗಳು ವರ್ಗೀಕರಣದ ಬಗ್ಗೆ ಮುಂಗಡ ಲಿಖಿತ ನಿರ್ಧಾರ ಕೊಡೋ ವ್ಯವಸ್ಥೆ ಇಡಬೇಕು. ಅರ್ಜಿ ಹಾಕೋದು ಮಾಲು ಬರೋ ಮುಂಚೆ. ಇದರ ಅಪಾಯನೂ ಹೇಳಿಬಿಡ್ತೀನಿ: ಉತ್ತರ ನಿಮಗೆ ಬೇಡದ ಕೋಡ್ ಬಂದ್ರೂ ಎಷ್ಟೋ ದೇಶಗಳಲ್ಲಿ ಅದಕ್ಕೆ ನೀವು ಕಟ್ಟುಬೀಳ್ತೀರಿ, ಮೇಲ್ಮನವಿ ದಾರಿ ಇರತ್ತೆ ಅನ್ನೋದು ಬಿಟ್ರೆ. ಅರ್ಜಿಲಿ ಹೇಳಿದ ಮಾಲಿಗೂ ಬಂದ ಮಾಲಿಗೂ ವ್ಯತ್ಯಾಸ ಇದ್ರೆ ಆ ರೂಲಿಂಗ್ ನಿಮ್ಮನ್ನ ಕಾಪಾಡಲ್ಲ, ಹಾಗಾಗಿ ಏನನ್ನೂ ಮುಚ್ಚಿಡದೇ ಡ್ರಾಯಿಂಗ್ ಸಮೇತ ಹಾಕಿ. ಸಮಯ ಹಿಡಿಯತ್ತೆ, ಈ ಕಂಟೇನರಿಗೆ ಅದು ಸಿಗಲ್ಲ.

ಅದಕ್ಕೆ ಈ ಸಲ ಕಿಟ್ಟಿನ ಸಾಲಿಗೆ ಮಾತ್ರ ಬೇರೆ ದಾರಿ ಕೇಳಿ ನೋಡಿ. ಸುಂಕದ ಅಂತಿಮ ನಿರ್ಧಾರ ಆಗೋ ಮುಂಚೆನೇ ಗ್ಯಾರಂಟಿ ಇಟ್ಟು ಮಾಲು ಬಿಡಿಸ್ಕೊಳ್ಳೋ ಅವಕಾಶ ಅದೇ ಒಪ್ಪಂದದಲ್ಲಿದೆ, ಎಷ್ಟೋ ದೇಶಗಳಲ್ಲಿ ಇದಕ್ಕೆ ತಾತ್ಕಾಲಿಕ ನಿರ್ಧರಣೆ ಅಂತ ವ್ಯವಸ್ಥೆ ಇರತ್ತೆ. ಸ್ವಲ್ಪ ದುಡ್ಡು ಅಥವಾ ಬ್ಯಾಂಕ್ ಗ್ಯಾರಂಟಿ ಸಿಕ್ಕಾಕ್ಕೊಳತ್ತೆ, ಆದ್ರೆ ಮಾಲು ಬಂದರಲ್ಲಿ ಕೊಳೆಯಲ್ಲ, ವಾದ ಶಾಂತವಾಗಿ ನಡಿಯತ್ತೆ. ಗ್ಯಾರಂಟಿಗೆ ದುಡ್ಡಿಲ್ಲ ಅಂದ್ರೆ ಹೆಚ್ಚಿನ ಸುಂಕದ ಕೋಡಲ್ಲೇ ಕಟ್ಟಿ, ನಿಮ್ಮ ಆಕ್ಷೇಪಣೆನ ಲಿಖಿತವಾಗಿ ದಾಖಲಿಸಿ ಆಮೇಲೆ ವಾಪಸ್ ಕೇಳೋದು ಇನ್ನೊಂದು ದಾರಿ. ಮರುಪಾವತಿಗೆ ಗಡುವಿರತ್ತೆ, ಅದು ದಾಟಿದ್ರೆ ಗೆದ್ದರೂ ದುಡ್ಡು ಸಿಗಲ್ಲ, ಮತ್ತೆ ಆ ಸುಂಕನ ನೀವು ಆಗಲೇ ಗಿರಾಕಿ ಬಿಲ್ಲಲ್ಲಿ ಸೇರಿಸಿ ವಸೂಲಿ ಮಾಡಿದ್ರೆ ಕೊಡದಿರೋ ದೇಶಗಳೂ ಇವೆ.

ಕೊನೇದಾಗಿ ಹಿಂದೆ 8431ರಲ್ಲಿ ಪಾಸಾದ ಕನ್‌ಸೈನ್‌ಮೆಂಟುಗಳು. ಇದನ್ನ ನೀವು ಕೇಳಿಲ್ಲ, ಆದ್ರೆ ನನಗೆ ಹೆಚ್ಚು ಚಿಂತೆ ಆಗಿರೋದು ಅದರ ಬಗ್ಗೆನೇ. ಈ ಸಲ ಸರಿಯಾಗಿ 9 ಸಾಲು ಹಾಕಿದ ಕೂಡ್ಲೇ ಹಳೇದು ಎದ್ದು ಕಾಣತ್ತೆ, ಅದೇ ಸಪ್ಲೈಯರ್, ಅದೇ ಹಾಯಿಸ್ಟು, ಬೇರೆ ಕೋಡು. ಹಾಗಂತ ಈ ಸಲನೂ ತಪ್ಪನ್ನೇ ಮುಂದುವರಿಸೋದು ಪರಿಹಾರ ಅಲ್ಲ, ಈಗ ನಿಮಗೆ ಗೊತ್ತಾಗಿದೆ, ಗೊತ್ತಿದ್ದೂ ಮಾಡಿದ್ದು ಅಂತಾದ್ರೆ ಕೇಸಿನ ಸ್ವರೂಪನೇ ಬೇರೆ. ಹಳೇ ಡಿಕ್ಲರೇಷನ್ ಎಲ್ಲ ತೆಗೆದು, ಪ್ರತಿ ಸಾಲಿನ ಸರಿಯಾದ ಕೋಡು, ಕಟ್ಟಬೇಕಿದ್ದ ಸುಂಕ, ಕಟ್ಟಿದ ಸುಂಕ, ವ್ಯತ್ಯಾಸ ಅಂತ ಒಂದು ಪಟ್ಟಿ ಮಾಡಿ. ಜಾಸ್ತಿ ಕಟ್ಟಿರೋ ಸಾಲೂ ಸಿಗಬಹುದು, ಅದನ್ನೂ ಬರೀರಿ. ಕಸ್ಟಮ್ಸ್ ವಿಚಾರಣೆ ಶುರು ಮಾಡೋ ಮುಂಚೆ ನೀವೇ ಹೋಗಿ ಹೇಳ್ಕೊಂಡು ವ್ಯತ್ಯಾಸ ಮತ್ತು ಬಡ್ಡಿ ಕಟ್ಟಿದ್ರೆ ದಂಡ ಕಮ್ಮಿ ಮಾಡೋ ಅಥವಾ ಬಿಡೋ ಅವಕಾಶ ಅನೇಕ ದೇಶಗಳ ಕಾನೂನಲ್ಲಿದೆ, ನೋಟಿಸು ಬಂದ್ಮೇಲೆ ಆ ಬಾಗಿಲು ಮುಚ್ಚತ್ತೆ. ಈ ಕಾಗದ ಹಾಕೋಕೆ ಮಾತ್ರ ಅದೇ ಏಜೆಂಟನ್ನ ಕಳಿಸಬೇಡಿ, ಆ ಕೋಡ್ ಹಾಕಿದ್ದು ಅವರೇ ಆದ್ರಿಂದ ಅವರ ಹಿತ ನಿಮ್ಮ ಹಿತ ಇಲ್ಲಿ ಒಂದೇ ಅಲ್ಲ. ಕಸ್ಟಮ್ಸ್ ಕೇಸು ನೋಡೋ ವಕೀಲರ ಹತ್ರ ಆ ಪಟ್ಟಿ ತೋರಿಸಿ, ಈ ಕಂಟೇನರಿನ ಡಿಕ್ಲರೇಷನ್ ಹಾಕೋ ಮುಂಚೆನೇ ತೋರಿಸಿ.